ಅರವೂ ಫೈಲೇ, ಕಡತವೂ ಫೈಲೇ

ನಮ್ಮ ವಾಚನಾಲಯದ ಉದ್ದನೆಯ ಮೇಜಿನ ಒಂದು ಬದಿಯಲ್ಲಿ ಕಾರ್ಖಾನೆಯ ಪಾಳಿ ಮುಗಿಸಿ ಬಂದವರು ಕೂರುತ್ತಾರೆ; ಇನ್ನೊಂದು ಬದಿಯಲ್ಲಿ ಕಚೇರಿಯಿಂದ ಬಂದ ಗುಮಾಸ್ತರು. ಇಬ್ಬರೂ ದಿನವಿಡೀ ‘ಫೈಲು’ ಹಿಡಿದೇ ದುಡಿದು ಬಂದವರು. ಆದರೆ ಒಬ್ಬರ ಫೈಲಿನಿಂದ ಕಬ್ಬಿಣದ ಪುಡಿ ಉದುರುತ್ತದೆ, ಇನ್ನೊಬ್ಬರದರಿಂದ ಧೂಳು. ಈ ಒಂದು ಇಂಗ್ಲಿಷ್ ಮಾತಿನ ಹಲವು ಅರ್ಥಗಳನ್ನು ಬಿಡಿಸಿ ಹೇಳಲು ನಾವು ಹೊರಟಿರುವುದಕ್ಕೆ ಕಾರಣವುಂಟು.

ಕೆಲವು ತಿಂಗಳ ಹಿಂದೆ ನಮ್ಮ ಬಂಧುಗಳೊಬ್ಬರು, ದಾಖಲೆಯಲ್ಲಿ ತಪ್ಪಾಗಿ ಬಿದ್ದಿದ್ದ ತಮ್ಮ ತಂದೆಯವರ ಹೆಸರನ್ನು ತಿದ್ದಿಸಲು ಒಂದು ಕಚೇರಿಗೆ ಅರ್ಜಿ ಕೊಟ್ಟಿದ್ದರು. ಅರ್ಜಿಯನ್ನು ‘ಫೈಲ್’ ಮಾಡಲಾಗಿದೆ ಎಂದು ಇಂಗ್ಲಿಷಿನಲ್ಲಿ ಒಂದು ಸಾಲಿನ ಉತ್ತರ ಬಂದಿತು. ಅರ್ಜಿ ದಾಖಲಾಯಿತು, ಇನ್ನು ಕೆಲಸವಾಗುತ್ತದೆ ಎಂದು ಅವರು ಸಂತೋಷದಿಂದ ಕಾದರು. ಕಾಗದವನ್ನು ಓದಿ ನೋಡಿದ ನಾವೂ ಹಾಗೆಯೇ ಹೇಳಿದೆವು. ನಿಜವಾದ ಅರ್ಥ ತಿಳಿಯುವ ವೇಳೆಗೆ ಮೇಲ್ಮನವಿಯ ಅವಧಿ ಕಳೆದುಹೋಗಿತ್ತು. ತಪ್ಪಿನಲ್ಲಿ ನಮಗೂ ಪಾಲಿದೆ. ಆದುದರಿಂದಲೇ ಈ ಬರಹ.

ಮೊದಲು ಹತ್ಯಾರಿನ ಮಾತು. ಲೋಹವನ್ನು ಉಜ್ಜಿ ಸವೆಸುವ, ಮೈಯೆಲ್ಲ ಸಣ್ಣ ಹಲ್ಲುಗಳಿರುವ ಉಕ್ಕಿನ ಪಟ್ಟಿಯೇ ಫೈಲು. ಇದಕ್ಕೆ ಕನ್ನಡದಲ್ಲಿ ‘ಅರ’ ಎಂಬ ಚೊಕ್ಕ ಹೆಸರಿದೆ. ತಮಿಳರು ‘ಅರಂ’ ಎನ್ನುತ್ತಾರೆ, ಮರಾಠಿಯವರು ‘ಕಾನಸ’, ಹಿಂದಿಯವರು ‘ರೇತಿ’. ಚಪ್ಪಟೆ, ದುಂಡು, ಅರೆದುಂಡು, ಚೌಕ, ಮುಮ್ಮೂಲೆ ಎಂದು ಅರದಲ್ಲಿ ಹಲವು ಆಕಾರಗಳುಂಟು. ಗರಗಸದ ಹಲ್ಲು ಮಸೆಯುವುದಕ್ಕೆ ಮುಮ್ಮೂಲೆ ಅರವೇ ಬೇಕು. ಮರ ಉಜ್ಜುವ ದಪ್ಪ ಹಲ್ಲಿನದಕ್ಕೆ ಇಂಗ್ಲಿಷಿನಲ್ಲಿ ‘ರಾಸ್ಪ್’ ಎಂಬ ಬೇರೆ ಹೆಸರು. ಅರವು ಮುಂದೆ ತಳ್ಳುವಾಗ ಮಾತ್ರ ಲೋಹವನ್ನು ತಿನ್ನುತ್ತದೆ. ಹಿಂದಕ್ಕೆ ತರುವಾಗಲೂ ಒತ್ತಿದರೆ ಹಲ್ಲುಗಳು ಬೇಗ ಮೊಂಡಾಗುತ್ತವೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ಇನ್ನೊಂದು ಮಾತು. ಮೇಸ್ತ್ರಿ ‘ಬಾಸ್ಟರ್ಡ್ ಫೈಲು ತಾ’ ಎಂದರೆ ಮುನಿಸಿಕೊಳ್ಳಬೇಡಿ. ಅದು ಬೈಗುಳವಲ್ಲ, ತೀರ ಒರಟೂ ಅಲ್ಲದ, ನಯವೂ ಅಲ್ಲದ ನಡುವಣ ದರ್ಜೆಯ ಹೆಸರು.

ಇನ್ನು ಗುಮಾಸ್ತರ ಫೈಲು. ಎರಡನ್ನೂ ಒಂದೇ ರೀತಿ ಬರೆದರೂ ಇವು ಹುಟ್ಟಿನಿಂದ ಬೇರೆ ಬೇರೆ ಮಾತುಗಳು. ಹತ್ಯಾರಿನ ಹೆಸರು ಹಳೆಯ ಇಂಗ್ಲಿಷಿನದೇ. ಜರ್ಮನ್ ಭಾಷೆಯ ‘ಫೈಲೆ’ ಅದರ ದಾಯಾದಿ. ಕಾಗದದ ಫೈಲಾದರೋ ಫ್ರೆಂಚ್ ಮಾರ್ಗವಾಗಿ ಬಂದದ್ದು. ಅದರ ಮೂಲ, ದಾರ ಎಂಬ ಅರ್ಥದ ಲ್ಯಾಟಿನ್ ಮಾತು ‘ಫೀಲಮ್’. ಹಿಂದೆ ಯೂರೋಪಿನಲ್ಲಿ ಕಾಗದಗಳನ್ನು ದಾರಕ್ಕೋ ತಂತಿಗೋ ಪೋಣಿಸಿ ಇಡುತ್ತಿದ್ದರು. ಅಂಗಡಿಯವರು ಚೀಟಿಗಳನ್ನು ಚುಚ್ಚಿಡುವ ಕಂಬಿಯನ್ನೂ, ನಮ್ಮ ಕಚೇರಿಗಳಲ್ಲಿ ಕಾಗದದ ಮೂಲೆಗೆ ತೂತು ಮಾಡಿ ಕಟ್ಟುವ ದಾರದ ಟ್ಯಾಗನ್ನೂ ನೋಡಿದರೆ ಆ ಹಳೆಯ ಅರ್ಥ ಕಣ್ಣೆದುರಿಗೇ ಬರುತ್ತದೆ.

ಇದಕ್ಕೆ ಕನ್ನಡದಲ್ಲಿ ‘ಕಡತ’ ಎನ್ನುತ್ತೇವೆ. ಈ ಮಾತಿನ ಹಿಂದೆಯೂ ಒಂದು ವಸ್ತುವಿದೆ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದ ಕಪ್ಪು ಪುಸ್ತಕವೇ ಕಡತ. ಶೃಂಗೇರಿ ಮಠದ ಹಳೆಯ ಕಡತಗಳು ಇತಿಹಾಸಕಾರರಿಗೆ ಚೆನ್ನಾಗಿ ಪರಿಚಿತವಾದವು. ಬಟ್ಟೆ ಹೋಗಿ ಕಾಗದ ಬಂದರೂ, ಕಾಗದ ಹೋಗಿ ಕಂಪ್ಯೂಟರ್ ಬಂದರೂ ಹೆಸರು ಮಾತ್ರ ಉಳಿದಿದೆ.

ದಾರದಿಂದಲೇ ಇನ್ನೊಂದು ಅರ್ಥವೂ ಹುಟ್ಟಿತು: ಒಬ್ಬರ ಹಿಂದೆ ಒಬ್ಬರು ನಿಂತ ಸಾಲು. ಸೈನ್ಯದಲ್ಲಿ ಪಕ್ಕಪಕ್ಕದ ಸಾಲು ‘ರ್‍ಯಾಂಕ್’, ಹಿಂದುಮುಂದಿನ ಸಾಲು ‘ಫೈಲ್’. ಎರಡೂ ಸೇರಿ ‘ರ್‍ಯಾಂಕ್ ಅಂಡ್ ಫೈಲ್’ ಎಂದರೆ ಅಧಿಕಾರಿಗಳಲ್ಲದ ಸಾಮಾನ್ಯ ಸಿಪಾಯಿಗಳು. ಕಾರ್ಮಿಕ ಸಂಘದ ಪ್ರಕಟಣೆಯಲ್ಲಿ ಈ ಮಾತು ಕಂಡರೆ ಅದು ನಾಯಕರನ್ನು ಕುರಿತದ್ದಲ್ಲ, ನಿಮ್ಮನ್ನು ಕುರಿತದ್ದೆಂದು ತಿಳಿಯಿರಿ.

ಈಗ ನಮ್ಮ ಬಂಧುಗಳ ಕಾಗದಕ್ಕೆ ಬರೋಣ. ‘ಫೈಲ್’ ಕ್ರಿಯಾಪದವಾದಾಗಲೇ ತೊಡಕು. ದೂರು, ದಾವೆ, ಮೇಲ್ಮನವಿಗಳನ್ನು ನಾವು ಫೈಲ್ ಮಾಡಿದೆವೆಂದರೆ ಸಲ್ಲಿಸಿದೆವು, ಹೂಡಿದೆವು ಎಂದರ್ಥ. ‘ಸಬ್‌ಮಿಟ್’, ‘ಲಾಡ್ಜ್’ ಎಂಬವು ಇದರ ಹತ್ತಿರದ ಮಾತುಗಳು. ಅದೇ ಕಾಗದದ ಮೇಲೆ ಅಧಿಕಾರಿಯು ‘ಫೈಲ್’ ಎಂದು ಬರೆದರೆ, ಕ್ರಮ ಬೇಕಿಲ್ಲ, ಕಡತಕ್ಕೆ ಸೇರಿಸಿ ಎಂದರ್ಥವಾಗುವುದು ಹೆಚ್ಚು. ಮಹಾರಾಷ್ಟ್ರದ ಕಚೇರಿಗಳ ‘ದಪ್ತರಿ ದಾಖಲ್’ ಎಂಬ ಮಾತಿನ ಹುರುಳೂ ಇದೇ. ನಾವು ಫೈಲ್ ಮಾಡಿದರೆ ಕೆಲಸದ ಆರಂಭ. ಅವರು ಫೈಲ್ ಮಾಡಿದರೆ ಹಲವು ಸಲ ಮುಕ್ತಾಯ!

ಆದುದರಿಂದ ಅರ್ಜಿ ಕೊಟ್ಟಾಗ ಸ್ವೀಕೃತಿಯ ಸಂಖ್ಯೆಯನ್ನೂ ತಾರೀಖನ್ನೂ ಬರೆಯಿಸಿಕೊಳ್ಳಿ. ‘ಫೈಲ್ ಆಗಿದೆ’ ಎಂಬ ಉತ್ತರ ಬಂದರೆ ‘ನೋಂದಾಯಿಸಿದಿರೋ, ಮುಗಿಸಿಬಿಟ್ಟಿರೋ?’ ಎಂದು ಕೂಡಲೇ ಬರಹದಲ್ಲಿ ಕೇಳಿ. ಉದಾಹರಣೆಗೆ, 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಉತ್ತರ ತಲುಪಿದ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ಅರ್ಥ ತಿಳಿಯದೆ ಕಾದು ಕುಳಿತರೆ ದಿನಗಳು ನಮಗಾಗಿ ಕಾಯುವುದಿಲ್ಲ.

ನಮ್ಮ ಬಂಧುಗಳು ಈಗ ಮೊದಲಿನಿಂದ ಅರ್ಜಿ ಬರೆದಿದ್ದಾರೆ. ಈ ಸಲ ಸ್ವೀಕೃತಿಯ ಚೀಟಿಯೂ ಅವರ ಬಳಿ ಇದೆ. ನಿಘಂಟು ನಮ್ಮ ಮೇಜಿನ ಮೇಲೆಯೇ ಇರುತ್ತದೆ. ಅರ್ಥವಾಗದ ಕಾಗದ ಬಂದ ದಿನವೇ ಅದನ್ನು ಇಲ್ಲಿಗೆ ತನ್ನಿ. ಕೂಡಿ ಓದೋಣ, ಈ ಸಲ ಅವಸರ ಮಾಡದೆ.