ನೋವಿಲ್ಲದ ಮಂಡಿ, ನಿಲುಕದ ನೆಲ

2000ರ ಅಕ್ಟೋಬರ್‌ನಲ್ಲಿ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರ ಎಡ ಮಂಡಿಗೆ ಮುಂಬೈನ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಮರುವರ್ಷ ಬಲ ಮಂಡಿಯ ಸರದಿ. ಮಾಡಿದವರು ನ್ಯೂಯಾರ್ಕ್‌ನ ಡಾ. ಚಿತ್ತರಂಜನ್ ರಾಣಾವತ್, ಇಂದಿನ ಕೃತಕ ಮಂಡಿಯ ಮೂಲ ವಿನ್ಯಾಸವನ್ನು 1970ರ ದಶಕದಲ್ಲಿ ರೂಪಿಸಿದ ತಂಡದಲ್ಲಿದ್ದವರು. ಅಂದು ದೇಶದ ಸುದ್ದಿಯಾಗಿದ್ದ ಚಿಕಿತ್ಸೆ ಇಂದು ಜಿಲ್ಲಾ ಕೇಂದ್ರಗಳಿಗೂ ಬಂದಿದೆ. ಮಾಡಿಸಿಕೊಂಡವರಲ್ಲಿ ಒಬ್ಬರು ‘ಮೊದಲೇ ಮಾಡಿಸಬೇಕಿತ್ತು’ ಎಂದರೆ, ಇನ್ನೊಬ್ಬರು ‘ಯಾಕಾದರೂ ಮಾಡಿಸಿದೆನೋ’ ಎನ್ನುತ್ತಾರೆ. ಇಬ್ಬರ ಮಾತಿಗೂ ಕಾರಣವಿದೆ.

ಮೂಳೆಗಳ ನಡುವಿನ ಮೃದ್ವಸ್ಥಿ ಪೂರ್ತಿ ಸವೆದಾಗ, ನಿಲ್ಲಿಸಿ ತೆಗೆದ ಎಕ್ಸ್‌ರೇಯಲ್ಲಿ ಮೂಳೆಗೆ ಮೂಳೆ ತಾಗಿರುವುದು ಕಾಣುತ್ತದೆ. ಸವೆದ ತುದಿಗಳನ್ನು ಕೆಲವೇ ಮಿಲಿಮೀಟರ್ ಕತ್ತರಿಸಿ, ಲೋಹದ ಹೊದಿಕೆ ತೊಡಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆ ಕೂರಿಸುತ್ತಾರೆ. ಇದರ ಬಾಳಿಕೆ ಚೆನ್ನಾಗಿದೆ. ಆಸ್ಟ್ರೇಲಿಯಾ ಮತ್ತು ಫಿನ್ಲೆಂಡ್‌ನ ದಾಖಲೆಗಳನ್ನು ಆಧರಿಸಿ 2019ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಲೆಕ್ಕದಂತೆ, 100ರಲ್ಲಿ ಸುಮಾರು 82 ಕೃತಕ ಮಂಡಿಗಳು 25 ವರ್ಷ ಬಾಳುತ್ತವೆ. ಆದರೆ ಐವತ್ತರ ಆಸುಪಾಸಿನಲ್ಲೇ ಮಾಡಿಸಿಕೊಂಡ ಗಂಡಸರಲ್ಲಿ ಮೂವರಲ್ಲೊಬ್ಬರಿಗೆ ಜೀವಮಾನದಲ್ಲಿ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಎಪ್ಪತ್ತು ದಾಟಿದವರಲ್ಲಿ ಈ ಸಾಧ್ಯತೆ ಶೇ 5ರಷ್ಟು ಮಾತ್ರ.

ನೋವಿನ ಲೆಕ್ಕವೇ ಬೇರೆ. ಡೆನ್ಮಾರ್ಕ್‌ನಲ್ಲಿ 100 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಶಸ್ತ್ರಚಿಕಿತ್ಸೆಯ ಜತೆಗೆ ವ್ಯಾಯಾಮ, ಪಥ್ಯ, ಮಾತ್ರೆ. ಇನ್ನೊಂದಕ್ಕೆ ಶಸ್ತ್ರಚಿಕಿತ್ಸೆ ಬಿಟ್ಟು ಉಳಿದದ್ದೆಲ್ಲ. ವರ್ಷದ ಬಳಿಕ ಮೊದಲ ಗುಂಪಿನ ಚೇತರಿಕೆ ಎರಡನೆಯದರ ಎರಡು ಪಟ್ಟು. ಗಂಭೀರ ತೊಂದರೆಗಳೂ ಅದರಲ್ಲೇ ಹೆಚ್ಚು: 24ಕ್ಕೆ ಎದುರಾಗಿ 6. ಎರಡನೇ ಗುಂಪಿನ ಸುಮಾರು ಕಾಲು ಭಾಗದವರು ಮಾತ್ರ ವರ್ಷದೊಳಗೆ ಶಸ್ತ್ರಚಿಕಿತ್ಸೆಗೆ ಹೋದರು.

ಶಸ್ತ್ರಚಿಕಿತ್ಸೆಯ ನಂತರವೂ ಸುಮಾರು ಐವರಲ್ಲೊಬ್ಬರಿಗೆ ನೋವು ಉಳಿಯುತ್ತದೆ. ಎಕ್ಸ್‌ರೇಯಲ್ಲಿ ಸವೆತ ಅಷ್ಟಾಗಿ ಕಾಣದಿದ್ದರೂ ಅವಸರಪಟ್ಟು ಮಾಡಿಸಿಕೊಂಡವರಲ್ಲಿ ಅತೃಪ್ತಿ ಹೆಚ್ಚು.

ನಮ್ಮಲ್ಲಿ ಇನ್ನೊಂದು ಪ್ರಶ್ನೆ ಉಂಟು: ನೆಲದ ಮೇಲೆ ಕೂರಬಹುದೇ? ಕೃತಕ ಮಂಡಿ ಸಾಮಾನ್ಯವಾಗಿ 110–120 ಡಿಗ್ರಿ ಮಡಚುತ್ತದೆ. ನಡೆಯಲು, ಮೆಟ್ಟಿಲು ಹತ್ತಲು, ಕುರ್ಚಿಯಿಂದ ಏಳಲು ಅಷ್ಟು ಸಾಕು. ಚಕ್ಕಳಮಕ್ಕಳ ಹಾಕಿ ಕೂರಲು, ಕುಕ್ಕರಗಾಲಲ್ಲಿ ಕೂರಲು ಸಾಲದು. ಮೊದಲು ಮಂಡಿ ಎಷ್ಟು ಮಡಚುತ್ತಿತ್ತು ಎಂಬುದರ ಮೇಲೆಯೂ ಇದು ನಿಂತಿದೆ. ಉಳಿದದ್ದು ಫಿಸಿಯೋಥೆರಪಿಯ ಕೆಲಸ. ಶಸ್ತ್ರಚಿಕಿತ್ಸೆಯ ದಿನವೋ ಮಾರನೇ ದಿನವೋ ವಾಕರ್ ಹಿಡಿಸಿ ನಡೆಸುತ್ತಾರೆ. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮಂಡಿಯನ್ನು ಹಾಸಿಗೆಯತ್ತ ಒತ್ತಿ, ಐದು ಎಣಿಸಿ ಬಿಡುವ ವ್ಯಾಯಾಮವನ್ನು ಹಲ್ಲು ಕಚ್ಚಿಕೊಂಡು ವಾರಗಟ್ಟಲೆ ಮಾಡಬೇಕು. ಊತ ಇಳಿಯಲು ತಿಂಗಳುಗಳೇ ಬೇಕು.

ಇನ್ನು ಖರ್ಚಿನ ಮಾತು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ ತೆರಿಗೆ ಬಿಟ್ಟು ₹54,720 ಬೆಲೆ ಗೊತ್ತುಮಾಡಿತು. ಕೋಣೆ ಬಾಡಿಗೆ, ವೈದ್ಯರ ಶುಲ್ಕ ಬೇರೆ. ಹಾಗಾಗಿ ಎಷ್ಟು ಖರ್ಚು ಎಂದು ವಿಚಾರಿಸುವಾಗಲೇ ಇನ್ನೂ ಮೂರು ಮಾತು ಕೇಳಿಕೊಳ್ಳಿ: ನನ್ನ ಸವೆತ ಯಾವ ಹಂತದ್ದು, ವ್ಯಾಯಾಮವನ್ನು ನಾನು ಸರಿಯಾಗಿ ಮಾಡಿ ನೋಡಿದ್ದೇನೆಯೇ, ನನ್ನ ಮಂಡಿ ಎಷ್ಟು ಮಡಚೀತು? ಉತ್ತರ ತಿಳಿದು ಒಪ್ಪಿಕೊಂಡವರಿಗೆ, ನೋವಿಲ್ಲದೆ ಸಂತೆಗೆ ಹೋಗಿ ಬರುವುದೇ ದೊಡ್ಡ ಲಾಭ.