ಗಂಡು ಕರು ಯಾರ ಹೊಣೆ?

ನಮ್ಮ ಎಚ್‌ಎಫ್ ಹಸು ಗಂಡು ಕರು ಹಾಕಿದ ದಿನ ಮನೇಲಿ ಯಾರ ಮುಖದಲ್ಲೂ ನಗು ಇರಲಿಲ್ಲ. ಅದು ಹಾಲು ಕೊಡಲ್ಲ, ಹಳ್ಳಿಕಾರ್ ಎತ್ತಿನ ಹಾಗೆ ಬಿಸಿಲಲ್ಲಿ ಉಳೋದೂ ಇಲ್ಲ.

ಅಮೆರಿಕದ ಹೈನುಗಾರರು ಇದಕ್ಕೆ ತಳಿ ಆಯ್ಕೆಯಲ್ಲೇ ದಾರಿ ಹುಡುಕಿದ್ದಾರೆ. ಒಳ್ಳೆ ಹಸುಗಳಿಗೆ ಹೆಣ್ಣು ಕರುವಿಗಾಗಿ ಲಿಂಗ ನಿರ್ಧರಿತ ವೀರ್ಯ. ಉಳಿದವಕ್ಕೆ ಮಾಂಸದ ತಳಿ ಆಂಗಸ್. ಈ ಮಿಶ್ರತಳಿ ಕರು ಚೆನ್ನಾಗಿ ಮೈ ತುಂಬಿಕೊಳ್ಳುತ್ತೆ, ಗಂಡಾದರೂ ಒಳ್ಳೆ ಬೆಲೆಗೆ ಹೋಗುತ್ತೆ.

ನಮ್ಮಲ್ಲಿ ಎರಡನೇ ದಾರಿ ಮುಚ್ಚಿದೆ. 2020ರ ಕಾಯ್ದೆಯಲ್ಲಿ ವಯಸ್ಸಿನ ವಿನಾಯಿತಿ ಇರೋದು 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ. ಲಿಂಗ ನಿರ್ಧರಿತ ವೀರ್ಯದಲ್ಲೂ ಹೆಣ್ಣು ಕರು ಖಾತ್ರಿ ಸುಮಾರು ಶೇ. 90. ಉಳಿದ ಕರುಗಳ ಮೇವಿನ ಖರ್ಚನ್ನು ಕಾನೂನು ಮಾಡಿದವರೇ ಹೊರಲಿ ಅಂತೀನಿ.