ಬೈಕು ಹಜಾರದಲ್ಲಿ, ದೀಪ ಒಳಮನೆಯಲ್ಲಿ

ಮಕ್ಕಳೇ, ನಿಮ್ಮ ಮನೆಯಲ್ಲಿ ಬೈಕು ಇದೆಯೆ? ರಾತ್ರಿ ಅದನ್ನು ಎಲ್ಲಿ ನಿಲ್ಲಿಸುತ್ತೀರಿ? ನಮ್ಮ ಹಳ್ಳಿಗಳಲ್ಲಿ ಬೈಕಿಗೆಂದೇ ಬೇರೆ ಶೆಡ್ಡು ಇರುವ ಮನೆಗಳು ಕಡಿಮೆ. ಹೊರಗೆ ಬಿಟ್ಟರೆ ಕಳ್ಳರ ಭಯ, ಮಳೆಯ ಭಯ. ಹಾಗಾಗಿ ಮೆಟ್ಟಿಲಿಗೆ ಹಲಗೆಯೊಂದನ್ನು ಇಟ್ಟು, ಬೈಕನ್ನು ಹಜಾರಕ್ಕೆ ಹತ್ತಿಸಿ, ಬಾಗಿಲು ಹಾಕಿ ಮಲಗುತ್ತೇವೆ.

ಒಮ್ಮೆ ಒಂದು ಶಾಲೆಗೆ ಹೋಗಿದ್ದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸಾರ್, ನಮ್ಮ ಬೈಕ್ ಹಜಾರದಲ್ಲಿ ನಿಂತಿರುತ್ತೆ. ಬೆಳಿಗ್ಗೆ ಎದ್ದಾಗ ಪೆಟ್ರೋಲ್ ವಾಸನೆ ಬರುತ್ತೆ. ಅದನ್ನ ಹೊರಗೆ ತಳ್ಳೋವರೆಗೂ ನಮ್ಮಜ್ಜಿ ದೇವರ ದೀಪ ಹಚ್ಚೋದಿಲ್ಲ. ದೀಪ ಇರೋದು ಒಳಮನೇಲಿ, ಅಷ್ಟು ದೂರದಲ್ಲಿ. ಇದು ಮೂಢನಂಬಿಕೆ ಅಲ್ವಾ?”

ಅಲ್ಲ. ಅಜ್ಜಿ ಮಾಡುತ್ತಿರುವುದು ನೂರಕ್ಕೆ ನೂರು ಸರಿ. ಏಕೆ ಎಂಬುದನ್ನು ನೋಡೋಣ.

ಉರಿಯುವುದು ಯಾವುದು?

ಪೆಟ್ರೋಲ್ ಉರಿಯುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ನಿಜವಾಗಿ ಉರಿಯುವುದು ದ್ರವ ಪೆಟ್ರೋಲ್ ಅಲ್ಲ, ಅದರ ಆವಿ. ಮೇಣದ ಬತ್ತಿಯಲ್ಲಿಯೂ ಹೀಗೆಯೇ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮೈಕೆಲ್ ಫ್ಯಾರಡೆ 1860ರ ಕೊನೆಯಲ್ಲಿ ಮಕ್ಕಳಿಗಾಗಿ ಮೇಣದ ಬತ್ತಿಯ ಬಗ್ಗೆಯೇ ಉಪನ್ಯಾಸಮಾಲೆ ನೀಡಿದರು. ಅಲ್ಲಿ ತೋರಿಸಿದ ಪ್ರಯೋಗವೊಂದನ್ನು ನಿಮ್ಮ ಗುರುಗಳ ಎದುರಿನಲ್ಲಿ ಮಾಡಿ ನೋಡಿ. ಚೆನ್ನಾಗಿ ಉರಿಯುತ್ತಿರುವ ಮೇಣದ ಬತ್ತಿಯನ್ನು ಮೆಲ್ಲಗೆ ಊದಿ ಆರಿಸಿ. ಬತ್ತಿಯಿಂದ ಬಿಳಿಯ ಹೊಗೆ ಎಳೆಯಾಗಿ ಏಳುತ್ತದೆಯಲ್ಲವೆ? ಕೂಡಲೇ ಉರಿಯುವ ಬೆಂಕಿಕಡ್ಡಿಯನ್ನು ಬತ್ತಿಯಿಂದ ಒಂದೆರಡು ಅಂಗುಲ ಮೇಲೆ, ಆ ಹೊಗೆಗೆ ಹಿಡಿಯಿರಿ. ಕಡ್ಡಿ ಬತ್ತಿಗೆ ಮುಟ್ಟುವುದೇ ಇಲ್ಲ. ಆದರೂ ಜ್ವಾಲೆ ಹೊಗೆಯ ಎಳೆ ಹಿಡಿದು ಕೆಳಗೆ ಹಾರಿ ಬತ್ತಿಯನ್ನು ಹೊತ್ತಿಸುತ್ತದೆ. ಹೊಗೆಯೆಂದು ನಾವು ಕಂಡದ್ದು ಮೇಣದ ಆವಿಯೇ.

ಮೇಣವನ್ನು ಆವಿ ಮಾಡಲು ಬತ್ತಿಯ ಬಿಸಿ ಬೇಕು. ಸೀಮೆಎಣ್ಣೆಯೂ ಸ್ವಲ್ಪ ಬಿಸಿಯಾಗದೆ ಹೊತ್ತಿಕೊಳ್ಳುವಷ್ಟು ಆವಿ ಕೊಡುವುದಿಲ್ಲ. ಪೆಟ್ರೋಲಿಗೆ ಯಾರ ಸಹಾಯವೂ ಬೇಡ. ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಏಳುತ್ತಿರುತ್ತದೆ. ಇನ್ನು ನಮ್ಮ ಬೇಸಿಗೆಯಲ್ಲಿ ಕೇಳಬೇಕೆ?

ಆವಿ ನಡೆಯುವ ದಾರಿ

ಹಜಾರದ ಆವಿ ಒಳಮನೆಗೆ ಹೋಗುವುದು ಹೇಗೆ? ಪೆಟ್ರೋಲ್ ಆವಿ ಗಾಳಿಗಿಂತ ಸುಮಾರು ಮೂರರಿಂದ ನಾಲ್ಕು ಪಟ್ಟು ಭಾರ. ಅದು ಸೂರಿನ ಕಡೆಗೆ ಏಳುವುದಿಲ್ಲ. ನೀರಿನಂತೆ ನೆಲದ ಮೇಲೆ ಹರಡುತ್ತದೆ, ಇಳಿಜಾರಿನ ಕಡೆಗೆ ಹರಿಯುತ್ತದೆ, ಬಾಗಿಲ ಸಂದಿಯಲ್ಲಿ ನುಸುಳುತ್ತದೆ. ಆದರೆ ಕಣ್ಣಿಗೆ ಕಾಣುವುದಿಲ್ಲ.

ಇದನ್ನು ಪೆಟ್ರೋಲಿನಿಂದ ಪರೀಕ್ಷಿಸುವ ಯೋಚನೆಯನ್ನೂ ಮಾಡಬೇಡಿ! ಅಡುಗೆ ಸೋಡಾ ಸಾಕು. ಎತ್ತರದ ಲೋಟದಲ್ಲಿ ಎರಡು ಚಮಚ ಸೋಡಾ ಹಾಕಿ, ಒಂದೆರಡು ನಿಂಬೆಹಣ್ಣಿನ ರಸ ಹಿಂಡಿ. ನೊರೆಯೊಡನೆ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಇದು ಗಾಳಿಗಿಂತ ಒಂದೂವರೆ ಪಟ್ಟು ಭಾರ. ಒಂದು ರಟ್ಟನ್ನು ನಡುವೆ ಮಡಿಸಿ ದೋಣಿಯಂತೆ ಮಾಡಿ, ಅದರ ಕೆಳತುದಿಯ ಬಳಿ ಗಿಡ್ಡ ಮೇಣದ ಬತ್ತಿ ಹಚ್ಚಿಡಿ. ರಟ್ಟು ಜ್ವಾಲೆಗೆ ತಾಗದಿರಲಿ. ನೊರೆ ಇಳಿದ ಮೇಲೆ, ರಸ ಚೆಲ್ಲದಂತೆ ಲೋಟವನ್ನು ಮೇಲ್ತುದಿಯಲ್ಲಿ ನಿಧಾನವಾಗಿ ಬಾಗಿಸಿ. ಏನೂ ಸುರಿದಂತೆ ಕಾಣುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಬತ್ತಿ ಆರಿಹೋಗುತ್ತದೆ. ಕಾಣದ ಅನಿಲ ಇಳಿಜಾರಿನಲ್ಲಿ ಹರಿದು ಬಂದು ಆರಿಸಿತು. ಪೆಟ್ರೋಲ್ ಆವಿಯೂ ಹೀಗೆಯೇ ಹರಿದು ಬರುತ್ತದೆ; ಆದರೆ ಅದು ಬೆಂಕಿಯನ್ನು ಆರಿಸುವುದಿಲ್ಲ, ತಾನೇ ಹೊತ್ತಿಕೊಳ್ಳುತ್ತದೆ. ಅಷ್ಟೇ ಅಲ್ಲ, ಮೇಣದ ಬತ್ತಿಯಲ್ಲಿ ಕಂಡಂತೆ ಜ್ವಾಲೆ ಆವಿಯ ಜಾಡು ಹಿಡಿದು ಬೈಕಿನವರೆಗೆ ಓಡುತ್ತದೆ.

ಎಷ್ಟು ಸೋರಿದರೆ ಅಪಾಯ? ಒಂದು ಲೆಕ್ಕ ಮಾಡೋಣ, ಪೆನ್ಸಿಲ್ ಹಿಡಿಯಿರಿ. ಪೆಟ್ರೋಲಿನ ಹನಿ ನೀರಿನ ಹನಿಗಿಂತ ಚಿಕ್ಕದು. 50 ಹನಿಗೆ 1 ಮಿಲಿಲೀಟರ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕಿದರೆ ಗಂಟೆಗೆ 72 ಮಿಲಿಲೀಟರ್. ಒಂದೂವರೆ ಗಂಟೆಯೊಳಗೆ 100 ಮಿಲಿಲೀಟರ್, ಅಂದರೆ ಅರ್ಧ ಲೋಟ. ಅದೆಲ್ಲ ಆವಿಯಾದರೆ ಸುಮಾರು 18 ಲೀಟರ್ ಆವಿ. ನೂರು ಪಾಲು ಗಾಳಿಯಲ್ಲಿ ಸುಮಾರು 1.4 ಪಾಲು ಪೆಟ್ರೋಲ್ ಆವಿ ಇದ್ದರೆ ಸಾಕು, ಅದು ಹೊತ್ತಿಕೊಳ್ಳಬಲ್ಲುದು. ಹಾಗಾದರೆ ಈ 18 ಲೀಟರ್ ಆವಿ ಸುಮಾರು 1285 ಲೀಟರ್ ಗಾಳಿಯನ್ನು ಅಪಾಯಕಾರಿಯಾಗಿ ಮಾಡಬಲ್ಲುದು. 3 ಮೀಟರ್ ಉದ್ದ, 3 ಮೀಟರ್ ಅಗಲದ ಕೋಣೆಯಲ್ಲಿ ಅದನ್ನು ನೆಲದ ಮೇಲೆ ಚಾಪೆಯಂತೆ ಹಾಸಿದರೆ 14 ಸೆಂಟಿಮೀಟರ್ ದಪ್ಪ ಬರುತ್ತದೆ. ನಿಜವಾದ ಕೋಣೆಯಲ್ಲಿ ಆವಿ ಹೀಗೆ ಸಮನಾಗಿ ಹರಡುವುದಿಲ್ಲ. ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು. ಆದರೂ ಯೋಚಿಸಿ: ನಮ್ಮ ಸೌದೆ ಒಲೆ ಎಲ್ಲಿರುತ್ತದೆ? ನೆಲದ ಮೇಲೆ. ಅಜ್ಜಿಯ ದೀಪವೂ ನೆಲದಿಂದ ಹೆಚ್ಚು ಎತ್ತರದಲ್ಲಿಲ್ಲ.

ವಾಸನೆ ಬಂದರೆ

ಮೊದಲನೆಯ ಮಾತು: ಕತ್ತಲೆಯೆಂದು ಲೈಟಿನ ಸ್ವಿಚ್ ಒತ್ತಬೇಡಿ. ವಾಸನೆ ಹೋಗಲೆಂದು ಫ್ಯಾನ್ ಹಾಕುವುದು ಇನ್ನೂ ದೊಡ್ಡ ತಪ್ಪು. ರಾತ್ರಿ ಸ್ವಿಚ್ ಆರಿಸುವಾಗ ಒಳಗೆ ಫಳಕ್ಕೆಂದು ನೀಲಿ ಬೆಳಕು ಕಾಣುವುದನ್ನು ನೋಡಿದ್ದೀರಲ್ಲ? ಅಷ್ಟು ಕಿಡಿ ಸಾಕು. ಉರಿಯುತ್ತಿರುವ ಲೈಟು ಉರಿಯಲಿ, ಆರಿರುವುದು ಆರಿಯೇ ಇರಲಿ. ದೊಡ್ಡವರನ್ನು ಎಬ್ಬಿಸಿ, ತಮ್ಮ ತಂಗಿಯರನ್ನು ಕರೆದುಕೊಂಡು ಹೊರಗೆ ನಡೆಯಿರಿ. ಉಳಿದದ್ದು ದೊಡ್ಡವರ ಕೆಲಸ, ಆದರೆ ಅವರಿಗೆ ಹೇಳಬೇಕಾದವರು ನೀವು.

ಹಿತ್ತಿಲ ಬಾಗಿಲು, ಮುಂಬಾಗಿಲು ಎರಡನ್ನೂ ತೆರೆಯಬೇಕು. ಕಿಟಕಿ ಮಾತ್ರ ತೆರೆದರೆ ಸಾಲದು, ಏಕೆಂದರೆ ಭಾರದ ಆವಿ ಕಿಟಕಿಯ ಎತ್ತರಕ್ಕೆ ಸುಲಭವಾಗಿ ಏರುವುದಿಲ್ಲ. ನಮ್ಮ ಮನೆಗಳ ಎತ್ತರದ ಹೊಸ್ತಿಲು ಗದ್ದೆಯ ಬದುವಿನಂತೆ ಆವಿಯನ್ನು ತಡೆದು ನಿಲ್ಲಿಸುತ್ತದೆ, ಆದ್ದರಿಂದ ಗಾಳಿ ಚೆನ್ನಾಗಿ ಆಡುವವರೆಗೆ ಕಾಯಲೇಬೇಕು. ಇಲ್ಲಿ ಮೂಗನ್ನು ನಂಬಬೇಡಿ. ಸ್ವಲ್ಪ ಹೊತ್ತು ಅಲ್ಲೇ ನಿಂತರೆ ಮೂಗು ವಾಸನೆಗೆ ಒಗ್ಗಿಹೋಗಿ, ಆವಿ ಇದ್ದರೂ ಇಲ್ಲವೆನ್ನುತ್ತದೆ.

ಬೈಕನ್ನು ತಳ್ಳಿಕೊಂಡೇ ಬಯಲಿಗೆ ಒಯ್ಯಬೇಕು. ಕಿಕ್ ಹೊಡೆಯಬಾರದು, ಸೆಲ್ಫ್ ಒತ್ತಬಾರದು. ಹ್ಯಾಂಡಲ್ ಲಾಕ್ ತೆಗೆಯಲು ಕೀ ಬೇಕಾಗುತ್ತದೆ, ನಿಜ. ಆದರೆ ಅದನ್ನು ಆನ್‌ಗೆ ತಿರುಗಿಸಬಾರದು. ಸ್ಟ್ಯಾಂಡನ್ನು ಕಲ್ಲು ಚಪ್ಪಡಿಯ ಮೇಲೆ ಎಳೆದರೂ ಕಿಡಿ ಹಾರೀತು. ಪೆಟ್ರೋಲ್ ಧಾರೆಯಾಗಿ ಸುರಿಯುತ್ತಿದ್ದರೆ ಬೈಕಿನ ಆಸೆ ಬಿಟ್ಟು ಎಲ್ಲರೂ ಹೊರಗೆ ಬಂದು, ದೂರ ನಿಂತು 101 ಅಥವಾ 112ಕ್ಕೆ ಫೋನ್ ಮಾಡಬೇಕು.

ನೆಲದ ಮೇಲೆ ಬಿದ್ದ ಪೆಟ್ರೋಲಿಗೆ ನೀರು ಸುರಿಯುವವರೇ ಹೆಚ್ಚು. ಪೆಟ್ರೋಲ್ ನೀರಿಗಿಂತ ಹಗುರ, ನೀರಿನ ಮೇಲೆ ತೇಲಿ ಇನ್ನಷ್ಟು ದೂರ ಹರಡುತ್ತದೆ. ಒಣ ಮರಳನ್ನು ಹಾಕಿ, ಅದು ಹೀರಿಕೊಂಡ ಮೇಲೆ ಬಾಚಿ ಬಯಲಿಗೆ ಒಯ್ಯಬೇಕು, ಚರಂಡಿಗೆ ಹಾಕಬಾರದು. ಒಲೆಯ ಬೂದಿ ಮಾತ್ರ ಬೇಡ! ತಣ್ಣಗೆ ಕಂಡರೂ ಒಳಗೆ ಕೆಂಡ ಅಡಗಿರಬಹುದು. ಒರೆಸಿದ ಬಟ್ಟೆಯನ್ನು ಒಲೆಗೆ ಹಾಕದೆ ಬಯಲಲ್ಲಿ ಹರವಬೇಕು. ಮೈಗೆ ತಾಗಿದ್ದರೆ ಸೋಪು ಹಾಕಿ ತೊಳೆಯಿರಿ.

ಇನ್ನೊಂದು ಕೆಟ್ಟ ರೂಢಿಯಿದೆ. ಟ್ಯಾಂಕ್ ಖಾಲಿ ಮಾಡಲು ಪೈಪಿಗೆ ಬಾಯಿ ಹಚ್ಚಿ ಪೆಟ್ರೋಲ್ ಎಳೆಯುತ್ತಾರೆ. ಒಂದು ಗುಟುಕು ಜಾರಿ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸಬಾರದು, ಮೇಲೆ ಬರುವಾಗಲೂ ಅದು ಶ್ವಾಸಕೋಶ ಸೇರಬಹುದು. ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಸೋರುವುದೇಕೆ?

ನೀರಿನ ಟ್ಯಾಂಕು ತುಂಬಿದೊಡನೆ ನಲ್ಲಿಯನ್ನು ತಾನಾಗಿ ಮುಚ್ಚುವ ತೇಲುಬುರುಡೆಯನ್ನು ನೋಡಿದ್ದೀರಾ? ಹಳೆಯ ಬೈಕಿನ ಕಾರ್ಬುರೇಟರಿನಲ್ಲೂ ಅಂಥದೇ ಪುಟ್ಟ ಬುರುಡೆ ಇದೆ. ಪೆಟ್ರೋಲ್ ತುಂಬಿದಾಗ ಅದು ತೇಲಿ, ಸೂಜಿಯೊಂದನ್ನು ಮೇಲೆ ಒತ್ತಿ ದಾರಿ ಮುಚ್ಚುತ್ತದೆ. ಸೂಜಿಯ ತುದಿಗೆ ಕಸ ಸಿಕ್ಕಿಕೊಂಡರೆ ದಾರಿ ಮುಚ್ಚದು; ಹೆಚ್ಚಾದದ್ದು ಕೆಳಗಿನ ಪೈಪಿನಿಂದ ತೊಟ್ಟಿಕ್ಕುತ್ತದೆ. ರಾತ್ರಿ ಪೆಟ್ರೋಲ್ ಕಾಕ್ ಮುಚ್ಚಿದರೆ ಈ ಸೋರಿಕೆ ನಿಲ್ಲುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಹುಪಾಲು ಬೈಕುಗಳಲ್ಲಿ ಕಾರ್ಬುರೇಟರೂ ಇಲ್ಲ, ಕಾಕೂ ಇಲ್ಲ. ಅವು ಸೋರಿದರೆ ಮೆಕ್ಯಾನಿಕ್ಕೇ ನೋಡಬೇಕು.

ರಬ್ಬರ್ ಪೈಪು ಹಳತಾದರೆ ಬಿರಿಯುತ್ತದೆ. ಈಗ ಪೆಟ್ರೋಲಿನಲ್ಲಿ ಎಥನಾಲ್ ಬೆರೆಸುತ್ತಾರೆ. ನೂರಕ್ಕೆ 20 ಪಾಲು ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಹಳೆಯ ಬೈಕುಗಳ ಕೆಲವು ಬಗೆಯ ರಬ್ಬರಿಗೆ ಎಥನಾಲ್ ಒಗ್ಗದು. ಟ್ಯಾಂಕನ್ನು ಕಂಠಮಟ್ಟ ತುಂಬಿಸಿ ಬಿಸಿಲಿಗೆ ನಿಲ್ಲಿಸುವುದೂ ತಪ್ಪು. ಪೆಟ್ರೋಲ್ ಒಂದು ಡಿಗ್ರಿಗೆ ಸಾವಿರದಲ್ಲಿ ಸುಮಾರು ಒಂದು ಪಾಲು ಹಿಗ್ಗುತ್ತದೆ. 10 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿಯಾದರೆ ಎಷ್ಟು ಹೆಚ್ಚಾಯಿತು? ನೀವೇ ಹೇಳಿ.

ಆ ಹುಡುಗಿಯ ಮನೆಯ ಬೈಕನ್ನು ಮೆಕ್ಯಾನಿಕ್ ಬಿಚ್ಚಿ ನೋಡಿದಾಗ ಸೂಜಿಯ ತುದಿಯಲ್ಲಿ ಸಿಕ್ಕಿದ್ದು ಸಾಸಿವೆಗಿಂತ ಚಿಕ್ಕದಾದ ಒಂದು ತುಕ್ಕಿನ ಚೂರು. ಈಗ ರಾತ್ರಿ ಕಾಕ್ ಮುಚ್ಚುವ ಕೆಲಸ ಅವಳದೇ. ಅಜ್ಜಿ ಮಾತ್ರ ಈಗಲೂ ಬೈಕು ಹೊಸ್ತಿಲು ದಾಟುವವರೆಗೆ ದೀಪ ಹಚ್ಚುವುದಿಲ್ಲವಂತೆ.